ಎಂಟನೇ ಲೆವೆಲ್ಲಿನ ಸೀಬೆಹಣ್ಣು

ನಮ್ಮ ಅತ್ತೆ ದಿನಕ್ಕೆ ಕಡಿಮೆಯೆಂದರೂ ಹನ್ನೆರಡು ಸಲ ಸಾಯುತ್ತಾರೆ. ಗಾಬರಿಯಾಗಬೇಡಿ! ಸತ್ತ ಮೇಲೆ ಎದ್ದು ಹಾಲು ಕಾಯಿಸುತ್ತಾರೆ, ಅವರೆಕಾಯಿ ಬಿಡಿಸುತ್ತಾರೆ, ಕಸದ ಗಾಡಿಯವನ ಜೊತೆ ಜಗಳವನ್ನೂ ಆಡುತ್ತಾರೆ. ಒಮ್ಮೆ ಸ್ಟಾಫ್ ರೂಮಿನಿಂದ ಫೋನು ಮಾಡಿದಾಗ, "ಈಗ ಮಾತಾಡಕ್ಕಾಗಲ್ಲ ಕಣೋ, ನೀರಲ್ಲಿ ಮುಳುಗ್ತಾ ಇದೀನಿ, ಐದು ನಿಮಿಷ ಬಿಟ್ಟು ಮಾಡು" ಎಂದು ಇಟ್ಟುಬಿಟ್ಟರು. ಸ್ಪೀಕರಿನಲ್ಲಿ ಇದನ್ನು ಕೇಳಿಸಿಕೊಂಡ ನಮ್ಮ ಹೆಡ್‌ಮೇಷ್ಟ್ರು ನನಗೆ ಕೂಡಲೇ ಮೂರು ದಿನ ರಜೆ ಮಂಜೂರು ಮಾಡಿದರು. ನಾನು ಬೇಡವೆನ್ನಲಿಲ್ಲ.

ಅತ್ತೆ ಎಂದರೆ ನಮ್ಮಪ್ಪನ ತಂಗಿ. ಕುಣಿಗಲ್ಲಿನಲ್ಲಿ, ದೊಡ್ಡಕೆರೆಯ ಏರಿಗೆ ಕೂಗಳತೆಯಲ್ಲಿ ಮನೆ. ನಾನು ಗುಬ್ಬಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ದೆವ್ವ, ಗಾಳಿ, ಗ್ರಹ ಇವನ್ನೆಲ್ಲ ವಾರವಿಡೀ ಅಲ್ಲಗಳೆಯುವುದೇ ನನ್ನ ಕಸುಬು. ಇದನ್ನು ಈಗಲೇ ಹೇಳಿಟ್ಟಿರುತ್ತೇನೆ, ಮುಂದೆ ಬೇಕಾಗುತ್ತದೆ.

ಅತ್ತೆ ಸಾಯುವುದು ಟಿವಿಯೊಳಗೆ. ಅವರ ಯಜಮಾನರು, ಅಂದರೆ ನಮ್ಮ ಮಾವ, ತುಮಕೂರಿನ ಶಿರಾ ಗೇಟಿನಲ್ಲಿ ಟಿವಿ ರಿಪೇರಿ ಅಂಗಡಿ ಇಟ್ಟಿದ್ದರು. ಯಾರೋ ರಿಪೇರಿಗೆಂದು ಕೊಟ್ಟು ಮರಳಿ ಬಾರದೆ ಹೋದ ಒಂದು ವೀಡಿಯೋ ಗೇಮಿನ ಪೆಟ್ಟಿಗೆಯನ್ನು ಒಂದು ಸಂಜೆ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಮನೆಗೆ ತಂದರು. ಅದರೊಳಗೆ ಸಿಕ್ಕಿಕೊಂಡು ಈಚೆಗೆ ಬಾರದ ಒಂದೇ ಒಂದು ಕ್ಯಾಸೆಟ್ಟು, ಹೆಸರಿನ ಚೀಟಿ ಕಿತ್ತುಹೋಗಿತ್ತು. ಆಟ ಇಷ್ಟೇ: ಹೆಗಲ ಮೇಲೆ ಟವೆಲ್ಲು ಹಾಕಿಕೊಂಡ ಒಬ್ಬ ಕುಳ್ಳ ಎಡದಿಂದ ಬಲಕ್ಕೆ ಓಡುತ್ತಾನೆ. ಗುಂಡಿ ಬಂದರೆ ಹಾರಬೇಕು, ಕಪ್ಪೆ ಬಂದರೆ ತುಳಿಯಬೇಕು, ಸೀಬೆಹಣ್ಣು ಸಿಕ್ಕರೆ ತಿನ್ನಬೇಕು. ಅದು ಟವೆಲ್ಲಲ್ಲ, ಶೂರರು ಹೊದೆಯುವ ಬಟ್ಟೆ ಎಂದು ನಾನೊಮ್ಮೆ ತಿದ್ದಲು ಹೋಗಿ, "ಅಷ್ಟು ಓಡೋನಿಗೆ ಬೆವರು ಬರಲ್ವೇನ್ಲಾ?" ಎಂದು ಬೈಸಿಕೊಂಡೆ.

ಇಬ್ಬರು ಆಡಬಹುದು, ಆದರೆ ಒಟ್ಟಿಗಲ್ಲ. ಕೆಂಪು ಟವೆಲ್ಲಿನವನು ಅತ್ತೆ, ಹಸಿರು ಟವೆಲ್ಲಿನವನು ಮಾವ. ಒಬ್ಬರು ಸತ್ತರೆ ಇನ್ನೊಬ್ಬರ ಸರದಿ, ಸತ್ತವರು ಮುಂದಿನ ಸರದಿಗೆ ಅದೇ ಲೆವೆಲ್ಲಿನ ಆರಂಭದಿಂದ ಹೊರಡಬೇಕು. ಸುಮ್ಮನೆ ನಿಂತೇ ಇದ್ದರೆ ಐದು ನಿಮಿಷಕ್ಕೆ ಗಡಿಯಾರ ಮುಗಿದು, ಆಗಲೂ ಸಾವೇ. ಒಬ್ಬೊಬ್ಬರಿಗೆ ಒಂಬತ್ತು ಜೀವ. ನಡುವೆ ಕರೆಂಟು ಹೋದರೆ ಎಲ್ಲವೂ ಮೊದಲಿನಿಂದ.

ಎಂಟು ಲೆವೆಲ್ಲುಗಳಿಗೂ ಅತ್ತೆ ನಮ್ಮ ಕಡೆಯ ಜಾಗಗಳನ್ನೇ ಹಂಚಿದ್ದಾರೆ. ಎಲ್ಲ ದಿಕ್ಕಿನಿಂದಲೂ ಏನೇನೋ ನುಗ್ಗಿ ಬರುವ ಮೊದಲನೆಯದು ಶಿರಾ ಗೇಟು. ಸಣ್ಣ ಸಣ್ಣ ಪ್ರಾಣಿಗಳು ಗುಂಪುಗಟ್ಟಿ ಕಿರುಚುವ ಎರಡನೆಯದು ನಮ್ಮ ಸ್ಕೂಲು. ಬರೀ ನೀರೇ ತುಂಬಿದ ಮೂರನೆಯದು ಮಾರ್ಕೋನಹಳ್ಳಿ ಡ್ಯಾಮು. ಇದು ಬರೀ ಹೆಸರಿಗೆ ಎಂದುಕೊಂಡಿದ್ದೆ. ಒಂದು ದಿನ ತುಮಕೂರಿಗೆ ಬಂದವರನ್ನು ನಿಜವಾದ ಶಿರಾ ಗೇಟಿನಲ್ಲಿ ರಸ್ತೆ ದಾಟಿಸೋಣವೆಂದು ಕೈ ಹಿಡಿದೆ. ಕೊಸರಿಕೊಂಡರು.

"ಸುಮ್ನಿರು, ಎಣಿಸ್ತಾ ಇದೀನಿ. ಎರಡು ಆಟೋ, ಒಂದು ಬಸ್ಸು, ಆಮೇಲೆ ಖಾಲಿ."

ಎರಡು ಆಟೋ ಹೋದವು, ಬಸ್ಸು ಹೋಯಿತು, ಅತ್ತೆ ಸೆರಗು ಸಿಕ್ಕಿಸಿಕೊಂಡು ಓಡಿ ಡಿವೈಡರ್ ಹತ್ತಿ ನಿಂತರು. ನಾನು ಎಣಿಕೆ ತಪ್ಪಿ ಈಚೆಯೇ ಉಳಿದೆ. ಅಲ್ಲಿಂದಲೇ ಕೂಗಿದರು: "ಅಲ್ಲೇ ನಿಂತ್ಕೊಳೋ! ನಿಂಗೆ ಒಂದೇ ಜೀವ ಇರೋದು!" ಟ್ರಾಫಿಕ್ ಪೊಲೀಸಿನವನು ನನ್ನ ಕಡೆ ಬಹಳ ಕನಿಕರದಿಂದ ನೋಡಿದ.

ಡ್ಯಾಮಿಗೆ ಕರೆದುಕೊಂಡು ಹೋದ ದಿನ ಇನ್ನೂ ಚೆಂದ. ಅರ್ಧ ಗಂಟೆ ನೀರನ್ನೇ ನೆಟ್ಟ ಕಣ್ಣಿಂದ ನೋಡುತ್ತ ಕುಳಿತು, ಕೊನೆಗೆ ಮೆಲ್ಲನೆ, "ತಳದಲ್ಲಿ, ಎಡಗಡೆ ಕಲ್ಲಿನ ಹಿಂದೆ, ಒಂದು ಬಾಗಿಲೈತೆ" ಎಂದರು. ಪಕ್ಕದಲ್ಲಿ ಮೀನು ಹಿಡಿಯುತ್ತಿದ್ದವನು ಗಾಳ ಸುತ್ತಿಕೊಂಡು ಹಿಂತಿರುಗಿ ನೋಡದೆ ಹೊರಟುಹೋದ.

ಏಳನೆಯ ಲೆವೆಲ್ಲಿಗೆ ಮಾತ್ರ ಅತ್ತೆ ಯಾವ ಊರಿನ ಹೆಸರನ್ನೂ ಕೊಟ್ಟಿಲ್ಲ. ಬರೀ "ಅದು" ಎನ್ನುತ್ತಾರೆ. ಅಲ್ಲಿ ಕತ್ತಲೆ. ಸಂಗೀತ ನಿಂತುಹೋಗುತ್ತದೆ, ನಿಮ್ಮ ಹೆಜ್ಜೆಯ ಸದ್ದಷ್ಟೇ ಕೇಳುತ್ತದೆ. ಸ್ವಲ್ಪ ಹೊತ್ತಿಗೆ ಇನ್ನೊಂದು ಹೆಜ್ಜೆಯ ಸದ್ದು ಸೇರಿಕೊಳ್ಳುತ್ತದೆ. ನೀವು ಹೊರಟ ಜಾಗದಿಂದಲೇ ಕಪ್ಪಗಿರುವ ಒಂದು ಆಕಾರ ಎದ್ದು, ನೀವು ಮಾಡಿದ್ದನ್ನೆಲ್ಲ ಮಾಡುತ್ತ ಬರುತ್ತದೆ. ನೀವು ಹಾರಿದ ಕಡೆ ಹಾರುತ್ತದೆ, ನೀವು ಅನುಮಾನಿಸಿದ ಕಡೆ ಅದೂ ಅನುಮಾನಿಸುತ್ತದೆ. ತುಳಿಯಲಾಗದು, ಹೊಡೆಯಲಾಗದು. ನಿಂತಿರೋ, ಬಂದು ಮುಟ್ಟುತ್ತದೆ. ಮಕ್ಕಳ ಆಟಕ್ಕೆ ಇಂಥದ್ದನ್ನು ಸೇರಿಸಿದ ಪುಣ್ಯಾತ್ಮ ಯಾರೋ! ಅತ್ತೆ ಅದನ್ನು ಒಮ್ಮೆಯೂ ದಾಟಿದವರಲ್ಲ.

ಮಾವ ದಾಟುತ್ತಿದ್ದರು, ಬೀಡಿ ಕಚ್ಚಿಕೊಂಡೇ. ಅವರಿಗೆ ಎಂಟನೆಯ ಲೆವೆಲ್ಲೆಂದರೆ ಪ್ರಾಣ. ಅದು ಕುಣಿಗಲ್ಲಿನ ಕುದುರೆ ಫಾರಮ್ಮು. ಕಣ್ಣು ಹಾಯುವಷ್ಟು ಹುಲ್ಲು, ಗಾಳಿಯ ಸದ್ದು, ದೂರದಲ್ಲಿ ಮೇಯುವ ಒಂದು ಕುದುರೆ. ಕಪ್ಪೆಯಿಲ್ಲ, ಹಕ್ಕಿಯಿಲ್ಲ, ಯಾರೂ ಇಲ್ಲ. ಆ ಕುದುರೆ ಯಾವಾಗಲೋ ಒಮ್ಮೆ ತಲೆಯೆತ್ತಿ ನಿಮ್ಮ ಕಡೆ ನೋಡುತ್ತದೆ, ಅಷ್ಟೇ. ನನಗೆ ಅದನ್ನು ಕಂಡರೆ ಮೈ ಜುಮ್ಮೆನ್ನುತ್ತಿತ್ತು. "ಏನಿದೆ ಮಾವ ಇದರಲ್ಲಿ?" ಎಂದು ಕೇಳಿದರೆ, "ಯಾರೂ ಮಿಕ್ಸಿ ರಿಪೇರಿಗೆ ತರಲ್ಲ ನೋಡು" ಎನ್ನುತ್ತಿದ್ದರು.

ಆ ಬಯಲಿನ ಕೊನೆಯಲ್ಲಿ ಒಂದು ಸೀಬೆಹಣ್ಣು, ಅದರ ಪಕ್ಕದಲ್ಲೇ ಒಂದು ಗುಂಡಿ, ಗುಂಡಿಯಾಚೆ ಆಟ ಮುಗಿಯುವ ಬಾಗಿಲು. ಮಾವ ಪ್ರತಿ ಸಲವೂ ಹಣ್ಣು ತಿಂದು, ಗುಂಡಿಗೆ ಬಿದ್ದು, "ಅಯ್ಯೋ, ಕೈಜಾರ್ತು" ಎಂದು ರಿಮೋಟು ಕೆಳಗಿಡುತ್ತಿದ್ದರು. (ಆ ಆಡುವ ಸಾಧನಕ್ಕೆ ನಮ್ಮ ಮನೆಯಲ್ಲಿ ರಿಮೋಟು ಎಂದೇ ಹೆಸರು.) ಅತ್ತೆ ತಮ್ಮದನ್ನು ಎತ್ತಿಕೊಂಡು, "ಇಷ್ಟು ದೂರ ಬಂದು ಇಷ್ಟೇ ಇಷ್ಟು ಗುಂಡಿ ಹಾರಕ್ಕಾಗಲ್ವಲ್ರೀ ನಿಮಗೆ!" ಎಂದು ರೇಗಿಸುತ್ತಿದ್ದರು. ಒಮ್ಮೆ ಅತ್ತೆ ಅಡುಗೆಮನೆಯಲ್ಲಿದ್ದಾಗ ನಾನು, "ಒಂದು ಸಲ ದಾಟಿಬಿಡಿ ಮಾವ, ಆಚೆ ಏನಿದೆ ನೋಡೋಣ" ಎಂದೆ. ಮಾವ ನನ್ನ ಕಡೆ ನೋಡಿ ನಕ್ಕರು. "ದಾಟಿಬಿಟ್ರೆ ಆಟ ಮುಗೀತದಲ್ಲೋ. ಅವಳ ಸರದಿ ಎಲ್ಲಿ ಬರ್ತದೆ?"

ಹೋದ ವರ್ಷ ಮಾವ ತೀರಿಕೊಂಡರು. ಬೆಳಿಗ್ಗೆ ಎದೆನೋವು ಎಂದರು, ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದಿತ್ತು.

ಅದಾಗಿ ಎರಡು ತಿಂಗಳಿಗೆ ಒಂದು ಭಾನುವಾರ ಕುಣಿಗಲ್ಲಿಗೆ ಹೋದೆ. ಮಟಮಟ ಮಧ್ಯಾಹ್ನ. ಬೀದಿಯಲ್ಲಿ ನಾಯಿಯೂ ಇರಲಿಲ್ಲ. ಮನೆಯ ಬಾಗಿಲು ಅರ್ಧ ತೆರೆದಿತ್ತು, ಒಳಗಿನಿಂದ ಆಟದ ಸಂಗೀತ ಸಣ್ಣಗೆ ಕೇಳುತ್ತಿತ್ತು. ಕಿಟಕಿಗಳನ್ನೆಲ್ಲ ಹಾಕಿ ಅತ್ತೆ ಟಿವಿಯ ಮುಂದೆ ಕೈ ಕಟ್ಟಿಕೊಂಡು ಕುಳಿತಿದ್ದರು. ಅವರ ರಿಮೋಟು ಮಡಿಲಲ್ಲಿತ್ತು. ಪಕ್ಕದಲ್ಲಿ ಮಾವ ಕೂರುತ್ತಿದ್ದ ಬೆತ್ತದ ಕುರ್ಚಿ, ಅದರ ಮೇಲೆ ಇನ್ನೊಂದು ರಿಮೋಟು. ಪರದೆಯ ಮೇಲೆ ಹಸಿರು ಟವೆಲ್ಲಿನವನು ಅಲ್ಲಾಡದೆ ನಿಂತಿದ್ದ.

"ಅತ್ತೆ..." ಎಂದೆ.

"ಶ್! ಅವ್ರ ಸರದಿ."

ನಿಮ್ಮಲ್ಲಿ ಎಷ್ಟು ಧೈರ್ಯವಂತರಿದ್ದೀರೋ ನನಗೆ ಗೊತ್ತಿಲ್ಲ. ನಾನಂತೂ ಹೊಸಿಲ ಮೇಲೇ ನಿಂತುಬಿಟ್ಟೆ. ಅತ್ತೆ ಟಿವಿಯ ಕಡೆ ನೋಡುತ್ತಲೇ ಕುರ್ಚಿಯ ಜೊತೆ ಮಾತಾಡುತ್ತಿದ್ದರು. ಹಾಲಿನವನು ನೀರು ಬೆರೆಸುತ್ತಾನೆ, ಮೇಲಿನ ಟ್ಯಾಂಕು ಸೋರುತ್ತದೆ, ಮೇಷ್ಟ್ರು ಬಂದವ್ನೆ, ಬಡವಾಗವ್ನೆ. ಐದು ನಿಮಿಷಕ್ಕೆ ಗಡಿಯಾರ ಮುಗಿಯಿತು. ಹಸಿರು ಟವೆಲ್ಲಿನವನು ಗಿರ್ರನೆ ತಿರುಗಿ ಬಿದ್ದ. "ಆಯ್ತಾ? ಕೊಡಿ ಇನ್ನು" ಎಂದು ಅತ್ತೆ ತಮ್ಮ ರಿಮೋಟು ಎತ್ತಿಕೊಂಡರು. ದಿನಕ್ಕೆ ಹನ್ನೆರಡು ಸಲ ಹೀಗೇ ಕಾಯುತ್ತಾರಂತೆ! ಒಬ್ಬರೇ ಆಡುವ ಆಟವನ್ನು ಹಾಕಿಕೊಳ್ಳಬಹುದಲ್ಲ ಎಂದು ನಾನು ಬುದ್ಧಿ ಹೇಳಹೋದೆ. "ಅದು ಸುಳ್ಳಾಗ್ತದೆ ಕಣೋ" ಎಂದರು. ಆ ದಿನ ನಾನು ಕಾಫಿಯನ್ನೂ ನಿಂತುಕೊಂಡೇ ಕುಡಿದೆ, ಕೂರಲು ಆ ಒಂದು ಕುರ್ಚಿಯಷ್ಟೇ ಇದ್ದದ್ದು.

ಇನ್ನು ಎಡೆಯ ವಿಷಯ. ನಮ್ಮ ಕಡೆ ಪಿತೃಪಕ್ಷದಲ್ಲಿ ಹೋದವರಿಗೆ ಎಡೆ ಇಡುತ್ತೇವೆ. ಅವರಿಗೆ ಇಷ್ಟವಾದದ್ದನ್ನೆಲ್ಲ ಬಾಳೆಲೆಯ ಮೇಲೆ ಬಡಿಸಿ, ಧೂಪ ಹಾಕಿ, ಎಲ್ಲರೂ ಈಚೆ ಬಂದು ಬಾಗಿಲು ಮುಚ್ಚಬೇಕು. ಅವರು ಬಂದು ಉಂಡು ಹೋಗುವವರೆಗೆ ಯಾರೂ ಒಳಗೆ ಹೋಗುವಂತಿಲ್ಲ, ಮನೆಯವರು ಒಂದಗುಳನ್ನೂ ಬಾಯಿಗೆ ಹಾಕುವಂತಿಲ್ಲ. ಆಮೇಲೆ ಬಾಗಿಲು ತಟ್ಟಿ, ಒಳಗಿದ್ದವರಿಗೆ ಸೂಚನೆ ಕೊಟ್ಟು, ತೆರೆಯಬೇಕು. ಮಾವನ ವರ್ಷದ ತಿಥಿ ಮುಗಿದ ಮೇಲೆ ಇದು ಮೊದಲ ಎಡೆ. ಮಾರ್ಕೋನಹಳ್ಳಿಯಿಂದ ಮಾವನ ಅಣ್ಣ, ನಮ್ಮ ದೊಡ್ಡಮಾವ, ಬಂದಿದ್ದರು. ಶಿರಾ ಗೇಟಿನಲ್ಲಿ ಮಾವನ ಪಕ್ಕದ ಅಂಗಡಿಯಲ್ಲಿ ಮೊಬೈಲು ರಿಪೇರಿ ಮಾಡುವ ಖಲೀಲ್ ಭಾಯ್ ಕೂಡ ಬೆಳಿಗ್ಗೆಯೇ ಬಂದು ಟಿವಿ ಬಿಚ್ಚಿಕೊಂಡು ಕುಳಿತಿದ್ದರು. ಅದು ಹಳೆಯ ಡಬ್ಬದ ಟಿವಿ. ಚಿತ್ರ ದಿನೇದಿನೇ ಕಪ್ಪಾಗುತ್ತಿತ್ತು.

"ಪಿಕ್ಚರ್ ಟ್ಯೂಬ್ ಹೋಗ್ತಾ ಇದೆ ಭಾಭಿ" ಎಂದರು ಖಲೀಲ್ ಭಾಯ್. "ಇವತ್ತೋ ನಾಳೆಯೋ. ಹೊಸ ಟಿವಿಗೆ ಈ ಪೆಟ್ಟಿಗೆ ಸೇರಲ್ಲ, ಇಂಥದ್ದು ಇನ್ನೆಲ್ಲೂ ಸಿಗಲ್ಲ. ಭಾಯ್ಸಾಬ್ರ ರಿಮೋಟಿನ ಬಟನ್ ಅಂಟ್ಕೊತಿತ್ತು, ಅದಕ್ಕೆ ಹೊಸ ರಬ್ಬರ್ ಹಾಕಿದೀನಿ."

ಅತ್ತೆ ಎಡೆಯ ಪಟ್ಟಿ ಹೇಳಿದರು. ಮುದ್ದೆ, ಮಟನ್ ಸಾರು, ಚಕ್ಕುಲಿ, ಒಂದು ಕಟ್ಟು ಬೀಡಿ, ಎಂಟನೇ ಲೆವೆಲ್ಲು.

ದೊಡ್ಡಮಾವ, "ಕೊನೇದು ಏನಂದ್ಯವ್ವ?" ಎಂದರು.

"ಅವ್ರಿಗೆ ಇಷ್ಟವಾದದ್ದು ಇಡಬೇಕು ತಾನೇ ಭಾವ? ಮುಂದಿನ ವರ್ಷಕ್ಕೆ ಈ ಟಿವಿ ಇರಲ್ಲ. ಇವತ್ತೇ ಆಗಬೇಕು. ಮೇಷ್ಟ್ರು ಆಡ್ತಾನೆ."

ನೋಡಿ, ನಾನು ಆಕಾಶಕಾಯಗಳ ಚಲನೆ ಪಾಠ ಮಾಡುವವನು! ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಇಲ್ಲ. ಒಳಗೆ ಸಾರು ಕುದಿಯುತ್ತಿದೆ, ಈಚೆ ನಾನು ಹಸಿರು ಟವೆಲ್ಲು ಹಾಕಿಕೊಂಡು ಕಪ್ಪೆ ತುಳಿಯುತ್ತಿದ್ದೇನೆ. ಅದಕ್ಕಿಂತ ದೊಡ್ಡ ಸಂಕಟ ಇನ್ನೊಂದಿತ್ತು. ನಾನು ಸತ್ತಾಗಲೆಲ್ಲ ಅತ್ತೆಯ ಸರದಿ ಬರುತ್ತಿತ್ತು, ಅತ್ತೆ ತಮ್ಮ ಸರದಿಯನ್ನು ಮನಸ್ಸಿಟ್ಟು, ಚೆನ್ನಾಗಿ, ಬಹಳ ಹೊತ್ತು ಆಡುತ್ತಿದ್ದರು.

"ತಾಯಿ, ಬೇಗ ಒಂದು ಗುಂಡಿಗೆ ಬೀಳಬಾರದಾ?" ಎಂದರು ದೊಡ್ಡಮಾವ, ಹೊಟ್ಟೆ ಹಿಡಿದುಕೊಂಡು.

"ಬೇಕೂ ಅಂತ ಸಾಯೋದು ಮೋಸ ಭಾವ. ನಾನು ಯಾವತ್ತೂ ಮಾಡಿಲ್ಲ, ಮಾಡೋದೂ ಇಲ್ಲ."

ಹೇಗೋ ಆರನೆಯದನ್ನು ಮುಗಿಸಿದೆ. ಅಷ್ಟರಲ್ಲಿ ದೊಡ್ಡಮಾವ ಹಸಿವು ಮರೆಯಲು ಕೈಕಾಲು ತೊಳೆಯುವೆನೆಂದು ಎದ್ದುಹೋಗಿ ಬೋರ್‌ವೆಲ್ ಮೋಟಾರು ಹಾಕಿದರು. ವೋಲ್ಟೇಜು ಕುಸಿಯಿತು, ಪರದೆ ಕಪ್ಪಾಯಿತು. ಮತ್ತೆ ಹತ್ತಿದಾಗ ಶಿರಾ ಗೇಟು! ಖಲೀಲ್ ಭಾಯ್ ಹೋಗಿ ತಮ್ಮ ಸ್ಕೂಟರಿನಿಂದ ಯುಪಿಎಸ್ ತಂದು ಸಿಕ್ಕಿಸಿದರು. ದೊಡ್ಡಮಾವ ಅರ್ಧ ತೊಳೆದ ಕಾಲಿನಲ್ಲಿ ಬಂದು ಮೂಲೆಯಲ್ಲಿ ಕುಳಿತವರು ಮತ್ತೆ ಏಳಲಿಲ್ಲ.

ಎರಡನೆಯ ಸಲ ಏಳನೆಯ ಲೆವೆಲ್ಲು ಮುಟ್ಟಿದಾಗ ಮೂರು ಗಂಟೆ. ಆ ಕತ್ತಲೆ, ಆ ಎರಡು ಹೆಜ್ಜೆಯ ಸದ್ದು. ಸಾಯುತ್ತಿದ್ದ ಟ್ಯೂಬಿನಲ್ಲಿ ಹಸಿರು ಟವೆಲ್ಲಿನವನೂ ಸರಿಯಾಗಿ ಕಾಣುತ್ತಿರಲಿಲ್ಲ, ಹಿಂದಿನ ಕಪ್ಪು ಆಕಾರ ಮಾತ್ರ ಎಲ್ಲಕ್ಕಿಂತ ಸ್ಪಷ್ಟವಾಗಿತ್ತು. ಅದು ಓಡುವ ರೀತಿಯಲ್ಲಿ ನನ್ನದೇ ತಡವರಿಕೆ ಕಂಡಿತು. ನಾಲ್ಕು ಸಲ ನಿಂತೆ, ನಾಲ್ಕು ಸಲವೂ ಅದು ಬಂದು ಮುಟ್ಟಿತು. ಪರದೆ ಒಮ್ಮೆ ಪೂರ್ತಿ ಮಂಕಾಗಿ ಮತ್ತೆ ಹೊಳೆಯಿತು. ಖಲೀಲ್ ಭಾಯ್ ತಲೆಯಾಡಿಸಿದರು.

"ಆಗಲ್ಲ ಅತ್ತೆ" ಎಂದೆ. "ಏಳನೆಯದಕ್ಕೇ ನಿಲ್ಲಿಸಿ ಎಡೆ ಇಡೋಣ."

"ಅಲ್ಲಿ ಅವ್ರನ್ನ ನಿಲ್ಲಿಸಿ ಬಾಗಿಲು ಹಾಕ್ಕೊಂಡು ಹೋಗ್ಲೇನ್ಲಾ? ಅದರ ಜೊತೆಗೆ?"

ಅತ್ತೆಯ ದನಿ ನಡುಗಿತು. ತಮ್ಮ ಸರದಿ ಆಡಿ ಸತ್ತ ಮೇಲೆ ಅವರು ನಿಧಾನಕ್ಕೆ ಕೈ ಚಾಚಿ, ಮಾವ ಹೋದಾಗಿನಿಂದ ಮುಟ್ಟದಿದ್ದ ಆ ರಿಮೋಟನ್ನು ನನ್ನಿಂದ ತೆಗೆದುಕೊಂಡರು. ಕಣ್ಣಿಗೊತ್ತಿಕೊಂಡರು. ಹೊರಟರು. "ನಿಲ್ಲಬಾರದು ಕಣೋ, ಅಷ್ಟೇ. ಹಿಂದೆ ಬರೋದು ಬರ್ತಿರಲಿ, ನಾವು ನಿಲ್ಲಬಾರದು" ಎಂದು ಯಾರಿಗೋ ಹೇಳುವಂತೆ ಹೇಳುತ್ತ, ಒಮ್ಮೆಯೂ ನಿಲ್ಲದೆ, ಅಷ್ಟು ವರ್ಷ ದಾಟಲಾಗದ್ದನ್ನು ಒಂದೇ ಉಸಿರಿಗೆ ದಾಟಿಬಿಟ್ಟರು. ಪರದೆಯ ತುಂಬ ಹುಲ್ಲು. ದೂರದಲ್ಲಿ ಕುದುರೆ.

ಎಡೆ ಇಟ್ಟೆವು. ರಿಮೋಟನ್ನು ಬಾಳೆಲೆಯ ಪಕ್ಕ, ಬೀಡಿಕಟ್ಟಿನ ಹತ್ತಿರ ಇಟ್ಟು ಅತ್ತೆ ಕೈ ಮುಗಿದರು. ಹಸಿರು ಟವೆಲ್ಲಿನವನು ಬಯಲಿನ ಆರಂಭದಲ್ಲಿ ನಿಂತಿದ್ದ. ನಾನು ವಿಜ್ಞಾನದ ಮೇಷ್ಟ್ರಲ್ಲವೇ, ಹೊರಡುವ ಮುನ್ನ ಅವನ ಸ್ಕೋರನ್ನು ಪೆನ್ನಿನಿಂದ ಅಂಗೈಯಲ್ಲಿ ಬರೆದುಕೊಂಡೆ: 41,300. ಬಾಗಿಲು ಮುಚ್ಚಿದೆವು.

ಜಗಲಿಯ ಮೇಲೆ ನಾಲ್ವರೂ ಕುಳಿತೆವು. ಬಿಸಿಲು ಸುರಿಯುತ್ತಿತ್ತು, ಎಲೆಯೂ ಅಲ್ಲಾಡುತ್ತಿರಲಿಲ್ಲ. ಮುಚ್ಚಿದ ಬಾಗಿಲಿನ ಹಿಂದಿನಿಂದ ಆ ಬಯಲಿನ ಗಾಳಿಯ ಸದ್ದು ಮಾತ್ರ ಸಣ್ಣಗೆ ಬರುತ್ತಿತ್ತು. ಎರಡು ನಿಮಿಷವಾಗಿರಬೇಕು, ಒಳಗೆ "ಟುಂಯ್" ಎಂದಿತು.

"ಅದೇನ್ಲಾ ಅದು?" ದೊಡ್ಡಮಾವ ಪಿಸುಗುಟ್ಟಿದರು.

"ಟಿವಿ, ದೊಡ್ಡಮಾವ" ಎಂದೆ. ಆದರೆ ಅದು ಸೀಬೆಹಣ್ಣು ತಿಂದಾಗ ಬರುವ ಸದ್ದು. ನನಗೂ ಗೊತ್ತಿತ್ತು, ಅತ್ತೆಗೂ ಗೊತ್ತಿತ್ತು. ನಾವು ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಹತ್ತು ನಿಮಿಷದ ಮೇಲೆ ಬಾಗಿಲು ತಟ್ಟಿ ತೆರೆದೆವು. ಧೂಪದ ಹೊಗೆ ಕೋಣೆ ತುಂಬಿತ್ತು. ಇಟ್ಟದ್ದೆಲ್ಲ ಇಟ್ಟ ಹಾಗೇ ಇತ್ತು, ರಿಮೋಟೂ ಕದಲಿರಲಿಲ್ಲ. ಪರದೆಯ ಮೇಲೆ ಕೆಂಪು ಟವೆಲ್ಲಿನವನು ತನ್ನ ಲೆವೆಲ್ಲಿನ ಆರಂಭದಲ್ಲಿ ಕಾಯುತ್ತಿದ್ದ. ಅದರಲ್ಲೇನೂ ಆಶ್ಚರ್ಯವಿಲ್ಲ, ಗಡಿಯಾರ ಮುಗಿದಿರುತ್ತದೆ. ಅಂಗೈ ನೋಡಿಕೊಂಡೆ. ಪರದೆಯ ಮೂಲೆ ನೋಡಿದೆ. ಹಸಿರಿನ ಸ್ಕೋರು 41,400.

ಒಂದು ಸೀಬೆಹಣ್ಣಿಗೆ ನೂರು.

"ಬಟನ್!" ಎಂದೆ. "ಬಲಗಡೆಯ ಬಟನ್ ಅಂಟಿಕೊಂಡಿದೆ! ತಾನೇ ನಡೆದು, ಹಣ್ಣು ತಿಂದು, ಗುಂಡಿಗೆ ಬಿದ್ದಿದ್ದಾನೆ!"

ಖಲೀಲ್ ಭಾಯ್ ರಿಮೋಟು ಎತ್ತಿಕೊಂಡು ಒತ್ತಿದರು, ಬಿಟ್ಟರು, ಒತ್ತಿದರು, ಬಿಟ್ಟರು. "ಬಟನ್ ಪಕ್ಕಾ ಇದೆ ಮೇಷ್ಟ್ರೇ. ಹೊಸ ರಬ್ಬರ್."

"ಹಾಗಾದರೆ ಹಲ್ಲಿ..."

"ಹಲ್ಲಿ ಬಂದು ಹಣ್ಣು ತಿಂದು, ಸರಿಯಾಗಿ ಆ ಗುಂಡಿಗೇ ಬಿದ್ದು, ನಂಗೆ ಸರದಿ ಬಿಟ್ಕೊಟ್ಟು ಹೋಗ್ತದೇನ್ಲಾ?" ಎಂದರು ಅತ್ತೆ. ಅವರು 41,400ನ್ನೇ ನೋಡುತ್ತಿದ್ದರು. ಕಣ್ಣಲ್ಲಿ ನೀರು ತುಂಬಿತ್ತು, ಬಾಯಲ್ಲಿ ನಗು. "ಕೂದಲೆಳೆಯಂಥ ತಂತಿಗೆ ಬೆಸುಗೆ ಹಾಕೋ ಕೈ ಕಣೋ ಅದು. ದಿನಾ ಅದೇ ಗುಂಡಿಗೆ ಜಾರ್ತದಾ? ನಂಗೆ ಮೊದಲಿನಿಂದ್ಲೂ ಗೊತ್ತಿತ್ತು ಬುಡು. ಗೊತ್ತು ಅಂದಿದ್ರೆ ಅವ್ರು ನಿಲ್ಲಿಸಿಬಿಡೋರು."

ಪಾಪ, ದೊಡ್ಡಮಾವ ಆಗಲೂ ಊಟದ ಮಾತೆತ್ತಲಿಲ್ಲ. ವಾರವಿಡೀ ಅಲ್ಲಗಳೆಯುವ ಕಸುಬಿನವನಿಗೆ ಆ ಹೊತ್ತಿನಲ್ಲಿ ಏನನ್ನೂ ಅಲ್ಲಗಳೆಯಬೇಕೆನಿಸಲಿಲ್ಲ.

ಅತ್ತೆ ಬೆತ್ತದ ಕುರ್ಚಿಯ ಪಕ್ಕ ನೆಲದ ಮೇಲೆ ಕುಳಿತು ತಮ್ಮ ರಿಮೋಟು ಎತ್ತಿಕೊಂಡರು. ಕೆಂಪು ಟವೆಲ್ಲಿನವನು ನಾಲ್ಕು ಹೆಜ್ಜೆ ನಡೆದ. ಆ ಲೆವೆಲ್ಲಿನ ಮೊದಲನೆಯ ಗುಂಡಿ ಬಂತು, ಹೊಸದಾಗಿ ಆಡುವ ಮಕ್ಕಳೂ ಹಾರುವಂಥ ಗುಂಡಿ. ಅತ್ತೆ ಅದರ ಅಂಚಿನಲ್ಲಿ ಒಂದು ಕ್ಷಣ ನಿಂತರು. ಆಮೇಲೆ ಹಾರದೆ, ಸುಮ್ಮನೆ ಒಂದು ಹೆಜ್ಜೆ ಮುಂದಿಟ್ಟು ಬಿದ್ದರು.

ಪರದೆ ಮಿನುಗಿತು. ಮತ್ತೆ ಹುಲ್ಲು, ಗಾಳಿ, ಹಸಿರು ಟವೆಲ್ಲು. ದೂರದಲ್ಲಿ ಕುದುರೆ ತಲೆಯೆತ್ತಿ ನೋಡಿತು.

"ಅಯ್ಯೋ, ಕೈಜಾರ್ತು" ಎಂದರು ಅತ್ತೆ, ಕುರ್ಚಿಯ ಕಡೆಗೆ.